ಪರವಾನಗಿ ಪಡೆದ ಉಳ್ಳಾಗಡ್ಡಿ

2020ರ ಏಪ್ರಿಲ್‌ನಲ್ಲಿ ಕೊರೊನಾದಿಂದಾಗಿ ದುಬೈಯಲ್ಲಿ ಕಿರಾಣಿ ತರಲಿಕ್ಕೂ ಆನ್‌ಲೈನ್ ಪರವಾನಗಿ ಬೇಕಿತ್ತು. ನಮ್ಮೂರು ಗೊರೇಬಾಳದಲ್ಲಿದ್ದ ಅವ್ವನಿಗೆ ಇದನ್ನು ಫೋನಿನಲ್ಲಿ ತಿಳಿಸಿ ಹೇಳುವುದು ಪರವಾನಗಿ ಪಡೆಯುವುದಕ್ಕಿಂತ ಕಷ್ಟ. "ಉಳ್ಳಾಗಡ್ಡಿ ತರಾಕ ಪೊಲೀಸರನ್ನ ಕೇಳಬೇಕಾ? ಅಂಥಾದ್ದೇನ್ ಮಾಡೀಯೋ ಯಪ್ಪಾ?" ತುಂಗಭದ್ರಾ ಎಡದಂಡೆ ಕಾಲುವೆ ನೀರಿಗೆ ಬೆಳೆದ ಸೋನಾ ಮಸೂರಿ ಮನೆತುಂಬ ಇರುವಾಗ, ಮಗ ಎರಡು ಕಿಲೋ ಅಕ್ಕಿ ಸಿಕ್ಕಿತೆಂದು ವಿಡಿಯೋದಲ್ಲಿ ತೋರಿಸಿ ಬೀಗಿದರೆ ಯಾವ ಅವ್ವ ತಾನೆ ನಂಬುತ್ತಾಳೆ!

ಭಾರತಕ್ಕೆ ವಿಮಾನಗಳು ಮಾರ್ಚ್‌ನಲ್ಲೇ ನಿಂತಿದ್ದವು. ಮೇ 12ರಂದು ಸಿಕ್ಕಿಬಿದ್ದವರನ್ನು ಊರಿಗೆ ಕರೆತರುವ ವಂದೇ ಭಾರತ್ ವಿಮಾನ ದುಬೈಯಿಂದ ಮಂಗಳೂರಿಗೆ ಹಾರಿತು. ಬಸುರಿಯರು, ಕಾಯಿಲೆಯವರು, ಕೆಲಸ ಕಳಕೊಂಡವರು ಮೊದಲು. ನನ್ನಂಥ ಬರೀ ಬೇಜಾರಾದವರು ಆಮೇಲೆ. ನ್ಯಾಯವೇ ಅನ್ನಿ.

ಅಂತೂ ಬಂದಿಳಿದು, ಕ್ವಾರಂಟೈನ್ ಮುಗಿಸಿ ಊರು ಮುಟ್ಟಿದೆ. ದುಬೈಯಲ್ಲಿ ನಾನು ಲಕ್ಷಾಂತರ ಪರದೇಶಿಗಳಲ್ಲಿ ಒಬ್ಬ. ಗೊರೇಬಾಳದಲ್ಲಿ ನಾನೊಬ್ಬನೇ ಪರದೇಶಿ! ಕಟ್ಟೆ ಮೇಲಿದ್ದ ಕಾಕಾ ಟವೆಲು ಮೂಗಿಗೊತ್ತಿ ದೂರದಿಂದಲೇ ಕೂಗಿದ: "ಅಲ್ಲೇ ನಿಂದ್ರು ತಮ್ಮಾ, ಅಲ್ಲಿಂದಾನ ಚಂದ ಕಾಣ್ತೀದಿ! ಸೆಂಟಿನ ಬಾಟ್ಲಿ ತಂದಿದ್ರ ಆ ಕಲ್ಲಿನ ಮ್ಯಾಲ ಇಟ್ಟು ಹೋಗು. ಅದಕ್ಕೇನ್ ರೋಗ ಬರಂಗಿಲ್ಲ."