ಗೋಡೆ ಚಂಡಿ ಆಗಿದೆ

ನಾನು ಚಿತ್ರದುರ್ಗದ ಕಡೆಯವನು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಹಿಗ್ಗುವ, ಅದೂ ಬೀಳದಿದ್ದರೆ ಕಪ್ಪೆಗೆ ಮದುವೆ ಮಾಡಿಸುವ ಸೀಮೆ. ಅಂಥವನಿಗೆ 3,500 ಮಿಲಿಮೀಟರ್ ದಾಟುವ ಮಂಗಳೂರಿಗೆ ವರ್ಗವಾದಾಗ ಲಾಟರಿ ಹೊಡೆದಷ್ಟು ಖುಷಿಯಾಗಿತ್ತು. "ಇನ್ನು ಟ್ಯಾಂಕರಿಗೆ ಕಾಯೋದು ತಪ್ಪಿತು, ನೀರು ಮನೆ ಬಾಗಿಲಿಗೇ ಬರುತ್ತೆ" ಅಂದಿದ್ದೆ. ಬಂತು. ಬಾಗಿಲಿಗಲ್ಲ, ಗೋಡೆಯೊಳಗಿಂದ.

ಮನೆ ನೋಡಿದ್ದು ಫೆಬ್ರವರಿಯ ಕೊನೆಯಲ್ಲಿ. ಹಾಲಿನ ಮೂರು ಗೋಡೆ ಮಾಸಲು ಬಿಳಿ, ಪಶ್ಚಿಮದ್ದು ಮಾತ್ರ ಹೊಚ್ಚ ಹೊಸ ನೀಲಿ. ಓನರ್ ಬಾಯಿ ತೆರೆಯುವ ಮೊದಲೇ ನಾನು ಹೆಂಡತಿಗೆ ಪಾಠ ಶುರುಮಾಡಿದೆ: "ಒಂದು ಗೋಡೆಗೆ ಬೇರೆ ಬಣ್ಣ, ಈಗ ಇದೇ ಫ್ಯಾಷನ್ ಕಣೇ." ಓನರ್ ನನ್ನ ಕಡೆ ನೋಡಿದ ನೋಟದಲ್ಲಿ ಕೃತಜ್ಞತೆ ಇತ್ತು. ಅದು ಅರ್ಥವಾದದ್ದು ಜುಲೈನಲ್ಲಿ. ಮುಂಗಾರು ಬೀಸಿ ಬರುವುದು ನೈಋತ್ಯದಿಂದ. ಅದು ಮೊದಲು ಬಡಿಯುವುದು ಆ ಗೋಡೆಗೇ.

ಮೊದಲು ಮೂಲೆಯಲ್ಲಿ ಅಂಗೈಯಗಲದ ಕಲೆ. ಪಕ್ಕದ ಮನೆಯ ಅಜ್ಜಿ ಸಕ್ಕರೆ ಕೇಳಲು ಬಂದವರು ಅದನ್ನು ನೋಡಿ, "ಅಯ್ಯೋ, ಗೋಡೆ ಚಂಡಿ ಆಗಿದೆಯಲ್ಲಾ ಮಾರಾಯ್ರೆ!" ಎಂದರು. ನಾನು ಗಾಬರಿಯಾಗಿ ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಆ ಕಲೆಯಲ್ಲಿ ಕಣ್ಣು, ನಾಲಗೆ, ತ್ರಿಶೂಲ ಎಲ್ಲ ಹುಡುಕಿದೆ. ಒಂದು ಕಡೆ ತ್ರಿಶೂಲ ಸಿಕ್ಕಿಯೂ ಸಿಕ್ಕಿತು. ಈ ಊರಲ್ಲಿ ಚಂಡಿ ಎಂದರೆ ಒದ್ದೆ ಎಂದು ಮಗಳು ಹೇಳುವಷ್ಟರಲ್ಲಿ ನನ್ನ ಕೈ ಮುಗಿದಾಗಿತ್ತು.

ದೇವಿಯಲ್ಲ ಎಂದು ಖಾತ್ರಿಯಾದ ಮೇಲೆ ಮದುವೆ ಫೋಟೋ ತೂಗುಹಾಕಿ ಕಲೆ ಮುಚ್ಚಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಗಾಜಿನೊಳಗೆ ಬೂಷ್ಟು ಹಬ್ಬಿ ವರನ ಮುಖವನ್ನಷ್ಟೇ ತಿಂದಿತ್ತು. ವಧುವಿನ ಜರಿಯಂಚಿಗೂ ಏನೂ ಆಗಿರಲಿಲ್ಲ. "ಅದಕ್ಕೂ ರುಚಿ ಗೊತ್ತು" ಎಂದಳು ಹೆಂಡತಿ. ಹೊಗಳಿದಳೋ ತೆಗಳಿದಳೋ ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಬೆಲ್ಟು, ಷೂ, ಕೊಡೆಯ ಹಿಡಿಕೆ ಎಲ್ಲಕ್ಕೂ ಹಸಿರು ಮೀಸೆ ಮೂಡಿತ್ತು. 1928ರಲ್ಲಿ ಫ್ಲೆಮಿಂಗ್‌ಗೆ ಪೆನಿಸಿಲಿನ್ ಸಿಕ್ಕಿದ್ದು ಇಂಥ ಬೂಷ್ಟಿನಿಂದಲೇ ಎಂದು ಸಮಾಧಾನ ಹೇಳಿದೆ. "ಅವನು ರಜಾ ಮುಗಿಸಿ ಬಂದು ನೋಡಿದ. ನೀವು ಮನೆಯಲ್ಲೇ ಕೂತು ಬೆಳೆಸಿದ್ದೀರಿ" ಎಂಬ ಉತ್ತರ ಬಂತು.

ಆಮೇಲೆ ನಾನು ವಿಜ್ಞಾನಕ್ಕೆ ಇಳಿದೆ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಬೇಕು. ಎರಡು ದಿನ ಬಿಟ್ಟು ನೋಡಿದಾಗ ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ, ಒಳಮೈಯಲ್ಲಿ ಕಂಡರೆ ಗೋಡೆಯದು. ನಮ್ಮ ಹಾಳೆಯಲ್ಲಿ ಎರಡೂ ಕಡೆ ಹನಿ. ಗಾಳಿಯ ತೇವಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. "ಗಾಳಿಯಾಡಲಿ" ಎಂದು ಹಗಲಿಡೀ ಕಿಟಕಿ ತೆರೆದು ಅರಬ್ಬಿ ಸಮುದ್ರವನ್ನು ಒಳಗೆ ಕರೆದವನು ನಾನೇ. ಬ್ಲೀಚಿಂಗ್ ಪೌಡರ್ ಕಲಸಿ ಬಳಿದೆ. ಬೂಷ್ಟು ಒಂದು ವಾರ ಬೆಳ್ಳಗಾಗಿ, ಸ್ನಾನ ಮುಗಿಸಿ ಬಂದಂತೆ ಇನ್ನೂ ಲವಲವಿಕೆಯಿಂದ ಎದ್ದಿತು. ಮೇಲಿನದನ್ನು ತೊಳೆದರೇನು, ಬೇರು ಗಾರೆಯೊಳಗೆ, ನೀರು ಅದರ ಹಿಂದೆ. ಕೊನೆಗೆ ಒದ್ದೆಯ ಮೇಲೇ ಪೇಂಟ್ ಹೊಡೆದೆ. ಹೊರಬರಲಾರದ ನೀರು ಬಣ್ಣವನ್ನು ಹಪ್ಪಳದಂತೆ ಉಬ್ಬಿಸಿತು. ಮಗಳು ಶಾಲೆಯಿಂದ ಬಂದವಳೇ ದಿನಕ್ಕೆ ನಾಲ್ಕರಂತೆ ಒಡೆಯುತ್ತಿದ್ದಳು.

ತಪ್ಪು ಪೂರ್ತಿ ನನ್ನದಲ್ಲ ಎನ್ನಿ. ಇಲ್ಲಿನ ಕೆಂಪುಕಲ್ಲು ತೂತುತೂತು, ನೀರು ಕುಡಿಯುವ ಕಲ್ಲು. ಹಳಬರಿಗೆ ಗೊತ್ತಿತ್ತು: ಮಾಡನ್ನು ಗೋಡೆಯಿಂದ ಮಾರುದ್ದ ಮುಂದಕ್ಕೆ ಇಳಿಸಿ, ಗೋಡೆಗೆ ಮಳೆಯೇ ತಾಗದಂತೆ ಕಟ್ಟುತ್ತಿದ್ದರು. ಬಾಸೆಲ್ ಮಿಷನ್‌ನವರು 1865ರಲ್ಲೇ ಹಂಚಿನ ಕಾರ್ಖಾನೆ ತೆರೆದ ಊರಿದು. ನಮ್ಮೂರ ಶಾಲೆಯ ಮೇಲೂ ಮಂಗಳೂರು ಹಂಚೇ ಇದ್ದದ್ದು. ಇಂಥ ಊರಿಗೆ ಬಂದು, ಒಂದೂ ಹಂಚಿಲ್ಲದ, ಸೂರಂಚೂ ಇಲ್ಲದ ಚಪ್ಪಟೆ ತಾರಸಿ ಮನೆಯನ್ನು "ಮಾಡರ್ನ್ ಆಗಿದೆ" ಎಂದು ಹಿಡಿದವನು ಮಾತ್ರ ನಾನು. ಅಕ್ಕಪಕ್ಕದವರು ತಮ್ಮ ತಾರಸಿಗಳ ಮೇಲೆ ಶೀಟು ಹೊದಿಸಿದ್ದು ಮಳೆ ಬರುವವರೆಗೆ ನನಗೆ ವಿಕಾರವಾಗಿ ಕಾಣುತ್ತಿತ್ತು.

ಕಡೆಗೆ ಕಾನೂನು ಓದಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 108ನೇ ಕಲಂ: ದುರಸ್ತಿಗೆ ಬಾಧ್ಯನಾದ ಮಾಲೀಕ ನೋಟಿಸು ಕೊಟ್ಟ ಮೇಲೂ ಸುಮ್ಮನಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕನ್ನಡಿಯೆದುರು ಮೂರು ದಿನ ತಾಲೀಮು ನಡೆಸಿದೆ. ನಾಲ್ಕನೇ ದಿನ ಕರಾರುಪತ್ರ ತೆಗೆದೆ. "ಸಣ್ಣಪುಟ್ಟ ರಿಪೇರಿ ಬಾಡಿಗೆದಾರನದೇ" ಎಂಬ ಸಾಲಿನ ಕೆಳಗೆ ನನ್ನ ಸಹಿ, ಓದದೇ ಹಾಕಿದ ಸಹಿಗಳು ಯಾವಾಗಲೂ ಇರುವಂತೆ ಬಹಳ ಅಂದವಾಗಿತ್ತು. ಹನ್ನೊಂದು ತಿಂಗಳ ಕರಾರು, ಮಾರ್ಚ್ ಒಂದರಿಂದ. ಮುಗಿಯುವುದು ಜನವರಿಯ ಕೊನೆಗೆ. ಗೋಡೆ ಒಣಗಿ, ನೀಲಿ ಬಳಿಸಿಕೊಂಡು, ಮುಂದಿನ ದಡ್ಡನಿಗೆ ಸಿದ್ಧವಾಗುವ ಹೊತ್ತಿಗೆ ಸರಿಯಾಗಿ.

ಆದರೂ ಹೋದೆ. ಗೋಡೆಯ ತೇವವನ್ನು ಸಣ್ಣಪುಟ್ಟ ಎನ್ನಲಾಗದು ಎಂದು ವಾದಿಸುವುದು ನನ್ನ ಉಪಾಯ. ಓನರ್ ಬಿಸಿ ಗೋಳಿಬಜೆ ತಂದಿಟ್ಟರು. 108ನೇ ಕಲಂ ಗಂಟಲಿಗೆ ಬರುವಷ್ಟರಲ್ಲಿ ಅವರ ಬೆನ್ನ ಹಿಂದೆ ಕಣ್ಣು ಹೋಯಿತು. ಅಲ್ಲೊಂದು ದೊಡ್ಡ ಮದುವೆ ಫೋಟೋ. ಅದರ ಅಂಚಿನಿಂದ ಹಸಿರು ಇಣುಕುತ್ತಿತ್ತು. ವರನ ಮುಖ ಅರ್ಧ ಹೋಗಿತ್ತು.

ನನ್ನ ನೋಟ ಹಿಡಿದು ಅವರೂ ತಿರುಗಿ ನೋಡಿದರು.

"ಎಂತ ಮಾಡುದು ಮಾರಾಯ್ರೆ, ಮಳೆಗಾಲ ಅಲ್ವಾ? ದೀಪಾವಳಿ ಕಳೀಲಿ, ಎರಡು ಮನೆಗೂ ಒಟ್ಟಿಗೆ ಪೇಂಟ್ ಹೊಡೆಸುವ. ಆ ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ. ಅದೇ ಫ್ಯಾಷನ್ ಅಂತ ನೀವೇ ಹೇಳಿದ್ದಲ್ವಾ?"

ನಾನು ಇನ್ನೊಂದು ಗೋಳಿಬಜೆ ತೆಗೆದುಕೊಂಡೆ. ಯಾವ ಬಣ್ಣ ಎಂದು ಕೇಳಿದೆ.