ಅನುಮತಿ ಇಲ್ಲ, ಮಾಲೀಕರೇ

ಮನೆಯ ಕಂಪ್ಯೂಟರಿನಲ್ಲಿರುವ ಪ್ರತಿಯೊಂದು ಫೈಲಿಗೂ ಒಬ್ಬ ಮಾಲೀಕನಿರುತ್ತಾನೆ. ಕಂಪ್ಯೂಟರಿಗೆ ದುಡ್ಡು ಕೊಟ್ಟವನೇ ಆ ಮಾಲೀಕನಾಗಿರಬೇಕೆಂದೇನೂ ಇಲ್ಲ. ಅಂಗಡಿಯ ರಸೀದಿ, ವಾರಂಟಿ ಕಾರ್ಡು, ತಿಂಗಳ ಕಂತಿನ ಲೆಕ್ಕ ಇವು ಯಾವುವೂ ವಿಂಡೋಸಿನ ಮುಂದೆ ದಾಖಲೆಯಾಗಿ ನಿಲ್ಲುವುದಿಲ್ಲ. ಫೈಲಿನ ಬೆನ್ನಿಗಂಟಿದ ಪಟ್ಟಿಯಲ್ಲಿ ಯಾರ ಹೆಸರಿದೆ, ಆ ಹೆಸರಿನವರಿಗೆ ಓದುವ, ಬರೆಯುವ, ಅಳಿಸುವ ಹಕ್ಕುಗಳಲ್ಲಿ ಯಾವುದಕ್ಕೆ ಟಿಕ್ ಬಿದ್ದಿದೆ ಎಂಬುದಷ್ಟೇ ಅದಕ್ಕೆ ಬೇಕು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯೂರಿಟಿ ಟ್ಯಾಬ್ ಒತ್ತಿದರೆ ಆ ಪಟ್ಟಿ ಕಾಣುತ್ತದೆ. ಒಬ್ಬರೇ ಇರುವ ನಿವೃತ್ತ ಮೇಷ್ಟರ ಲ್ಯಾಪ್‌ಟಾಪಿನಲ್ಲೂ, ಅವರೇ ಬರೆದಿಟ್ಟ ಕಡತದ ಮೇಲೂ, ಸಾಮಾನ್ಯವಾಗಿ ಮೂರು ಹೆಸರಿರುತ್ತವೆ: ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್, ಮತ್ತು ಮೇಷ್ಟರು.

ಮೊದಲು ಹೀಗಿರಲಿಲ್ಲ. ವಿಂಡೋಸ್ 95, 98ರ ಕಾಲದಲ್ಲಿ ಮನೆಯ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತಿತ್ತು. ಎಸ್ಕೇಪ್ ಕೀ ಒತ್ತಿದರೆ ಕೇಳಿದ್ದನ್ನು ಮರೆತು ಒಳಕ್ಕೂ ಬಿಡುತ್ತಿತ್ತು. ಆಗಿನ ಫ್ಯಾಟ್ ಎಂಬ ಡಿಸ್ಕ್ ವ್ಯವಸ್ಥೆಯಲ್ಲಿ ಯಾವ ಫೈಲು ಯಾರದು ಎಂದು ಬರೆದಿಡಲು ಜಾಗವೇ ಇರಲಿಲ್ಲ. ಈ ಪಟ್ಟಿಯ ಪದ್ಧತಿ ಬಂದದ್ದು 1993ರಲ್ಲಿ, ಕಚೇರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿಂಡೋಸ್ ಎನ್‌ಟಿಯ ಜೊತೆ. 2001ರಲ್ಲಿ ಎಕ್ಸ್‌ಪಿ ಅದನ್ನು ಮನೆಯೊಳಗೆ ತಂದಿತು. ತಂದದ್ದೇನೋ ಸರಿ, ಆದರೆ ಯಾರಿಗೂ ಬೇಜಾರಾಗದಿರಲೆಂದು ಶುರುವಿನಲ್ಲಿ ತೆರೆದ ಖಾತೆಗಳಿಗೆಲ್ಲ ಅಡ್ಮಿನಿಸ್ಟ್ರೇಟರ್ ಪದವಿಯನ್ನು ಕೊಟ್ಟುಬಿಟ್ಟಿತು. ಅಪ್ಪ ಅಡ್ಮಿನಿಸ್ಟ್ರೇಟರ್, ಅಮ್ಮ ಅಡ್ಮಿನಿಸ್ಟ್ರೇಟರ್, ಎಂಟನೇ ಕ್ಲಾಸಿನ ಮಗನೂ ಅಡ್ಮಿನಿಸ್ಟ್ರೇಟರ್. ಮಗ ಎಲ್ಲಿಂದಲೋ ಇಳಿಸಿಕೊಂಡ ಪುಕ್ಕಟೆ ಆಟದೊಳಗಿದ್ದ ವೈರಸ್ಸು ಮಗನ ಹಕ್ಕಿನಲ್ಲೇ ಓಡುತ್ತಿದ್ದುದರಿಂದ ಅದೂ ಅಡ್ಮಿನಿಸ್ಟ್ರೇಟರ್.

ಇದಕ್ಕೆ ಮದ್ದಾಗಿ 2007ರ ಜನವರಿಯಲ್ಲಿ ಮನೆಗಳಿಗೆ ವಿಸ್ಟಾ ಬಂತು. ಏನಾದರೂ ಮುಖ್ಯವಾದದ್ದನ್ನು ಬದಲಿಸಲು ಹೊರಟರೆ ಪರದೆ ಮಂಕಾಗಿ, ನಡುವೆ ಒಂದು ಪೆಟ್ಟಿಗೆ ಬಂದು, ಮುಂದುವರಿಯಲೇ ಎಂದು ಕೇಳತೊಡಗಿತು. ಪರದೆ ಮಂಕಾಗುವುದು ಹೆದರಿಸಲಿಕ್ಕಲ್ಲ. ಆ ಹೊತ್ತಿನಲ್ಲಿ ಮಿಕ್ಕ ಪ್ರೋಗ್ರಾಮುಗಳನ್ನು ದೂರವಿಟ್ಟು, ಗುಂಡಿ ಒತ್ತುವುದು ಮನುಷ್ಯನೇ ಎಂದು ಖಚಿತ ಮಾಡಿಕೊಳ್ಳುವ ಉಪಾಯ ಅದು. ಪ್ರಶ್ನೆ ಎಷ್ಟು ಸಲ ಬರುತ್ತಿತ್ತೆಂದರೆ, ಓದದೆ ಹೂಂ ಅನ್ನುವ ಅಭ್ಯಾಸ ಲೋಕಕ್ಕೆಲ್ಲ ಹತ್ತಿತು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಆರ್‌ಎಸ್‌ಎ ಎಂಬ ಕಂಪ್ಯೂಟರ್ ಭದ್ರತೆಯ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್, ಜನರಿಗೆ ಕಿರಿಕಿರಿಯಾಗಲಿ ಎಂದೇ ಇದನ್ನಿಟ್ಟದ್ದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಲೆಕ್ಕಾಚಾರ ಇಷ್ಟೇ: ಕ್ಯಾಲ್ಕುಲೇಟರಿನಂಥ ಪ್ರೋಗ್ರಾಮಿಗೂ ಪೂರ್ತಿ ಅಧಿಕಾರ ಬೇಡುತ್ತಿದ್ದ ತಂತ್ರಾಂಶ ತಯಾರಕರಿಗೆ ಗಿರಾಕಿಗಳು ಬೈಯಬೇಕು, ಬೈಸಿಕೊಂಡವರು ತಿದ್ದಿಕೊಳ್ಳಬೇಕು. ಬಹಳ ಮಟ್ಟಿಗೆ ತಿದ್ದಿಕೊಂಡರು ಕೂಡ. ಬೈಗುಳ ಮಾತ್ರ ತಯಾರಕರಿಗಿಂತ ಹೆಚ್ಚಾಗಿ ವಿಸ್ಟಾಕ್ಕೇ ಬಿತ್ತು.

ಆಗಿನಿಂದ ಅಡ್ಮಿನಿಸ್ಟ್ರೇಟರ್ ಆಗಿರುವುದೂ ಅಡ್ಮಿನಿಸ್ಟ್ರೇಟರ್ ಆಗಿ ನಡೆದುಕೊಳ್ಳುವುದೂ ಬೇರೆ ಬೇರೆಯಾದವು. ಅಧಿಕಾರವುಳ್ಳವರು ಲಾಗಿನ್ ಆದಾಗ ವಿಂಡೋಸ್ ಅವರ ಹೆಸರಿನಲ್ಲಿ ಎರಡು ಪರವಾನಗಿ ಸಿದ್ಧಮಾಡುತ್ತದೆ, ಒಂದು ಪೂರ್ತಿ, ಇನ್ನೊಂದು ಹಲ್ಲು ಕಿತ್ತದ್ದು. ದಿನದ ಕೆಲಸವೆಲ್ಲ ಹಲ್ಲು ಕಿತ್ತದ್ದರಲ್ಲೇ ನಡೆಯುತ್ತದೆ. ಮಂಕು ಪರದೆಯ ಮೇಲೆ ಯೆಸ್ ಒತ್ತಿದಾಗ ಮಾತ್ರ ಪೂರ್ತಿಯದ್ದು ಹೊರಬರುತ್ತದೆ, ಅದೂ ಆ ಒಂದು ಪ್ರೋಗ್ರಾಮಿಗೆ. ತಾನೇ ಅಡ್ಮಿನಿಸ್ಟ್ರೇಟರ್ ಎಂದು ಬೀಗುವ ಯಜಮಾನ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಎಂದು ತನ್ನನ್ನೇ ತಾನು ಬೇಡಿಕೊಳ್ಳಬೇಕಾಗಿರುವುದು ಇದರಿಂದಲೇ. ಅಷ್ಟಾದರೂ ವಿಂಡೋಸಿನ ಸ್ವಂತ ಫೈಲುಗಳಿರುವ ಸಿಸ್ಟಮ್32 ಫೋಲ್ಡರಿನ ಫೈಲೊಂದನ್ನು ಅಳಿಸಲು ಹೋದರೆ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬವರ ಅನುಮತಿ ತನ್ನಿ ಎಂಬ ಉತ್ತರ ಬರುತ್ತದೆ. ಈ ಮಹನೀಯರು ಮನುಷ್ಯರಲ್ಲ, ವಿಂಡೋಸನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವ ಒಂದು ಸೇವೆ. ಜಾಗ ಸಾಲದೆಂದು ಡಿಸ್ಕ್ ಗುಡಿಸಲು ಕೂತವರ ಕೈಯಿಂದ ಕಂಪ್ಯೂಟರನ್ನು ಉಳಿಸಿರುವವರು ಇವರೇ ಎನ್ನಬೇಕು.

ಹಕ್ಕುಗಳ ಪಟ್ಟಿಯನ್ನು ಮನೆಯವರೇ ತಿದ್ದಲು ಹೋದಾಗ ಆಗುವ ಅನಾಹುತಗಳಲ್ಲಿ ಒಂದು ಮಾದರಿಯಂತಿದೆ. ಲೆಕ್ಕಪತ್ರದ ಫೋಲ್ಡರನ್ನು ಮಕ್ಕಳಿಂದ ಬಚ್ಚಿಡಬೇಕು ಎಂದು ಅಪ್ಪ ಸೆಕ್ಯೂರಿಟಿ ಟ್ಯಾಬಿಗೆ ಹೋಗುತ್ತಾನೆ. ಎಡಿಟ್, ಆಮೇಲೆ ಆಡ್. ಹೆಸರು ಕೇಳಿದಾಗ ‘ಎವ್ರಿಒನ್’ ಎಂದು ಟೈಪ್ ಮಾಡುತ್ತಾನೆ. ಡಿನೈ ಎಂಬ ಕಂಬಸಾಲಿನಲ್ಲಿ ಫುಲ್ ಕಂಟ್ರೋಲ್ ಎದುರಿಗೆ ಟಿಕ್ ಹಾಕುತ್ತಾನೆ; ಕೆಳಗಿನ ಚೌಕಗಳಿಗೆ ತಾನಾಗಿಯೇ ಟಿಕ್ ಬೀಳುತ್ತದೆ. ನಿರಾಕರಣೆಯ ಮಾತು ಅನುಮತಿಯ ಮಾತನ್ನು ಮೀರುತ್ತದೆ, ಮುಂದುವರಿಯಲೇ ಎಂದು ವಿಂಡೋಸ್ ಎಚ್ಚರಿಸುತ್ತದೆ. ಓದದೆ ಹೂಂ ಅನ್ನುವ ಅಭ್ಯಾಸ ಆಗಲೇ ಹತ್ತಿದೆಯಲ್ಲ. ಮರುಕ್ಷಣ ಫೋಲ್ಡರನ್ನು ತೆರೆಯಹೋದರೆ ಬಾಗಿಲು ಬಂದ್: ಎಲ್ಲರ ಲೆಕ್ಕದಲ್ಲಿ ಅಪ್ಪನೂ ಸೇರಿದ್ದಾನೆ. ಅದೃಷ್ಟವಶಾತ್, ಪಟ್ಟಿಯನ್ನು ತಿದ್ದುವ ಹಕ್ಕು ಮಾಲೀಕನಿಗೆ ಯಾವಾಗಲೂ ಉಳಿದಿರುತ್ತದೆ. ಅದೇ ಟ್ಯಾಬಿಗೆ ಹೋಗಿ ಎವ್ರಿಒನ್ ಸಾಲನ್ನು ತೆಗೆದರೆ ಸಾಕು. ಅಷ್ಟಕ್ಕೂ ಡಿನೈ ಬೇಕಾಗಿಯೇ ಇರಲಿಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ, ಹೆಸರಿರುವ ಯಾವ ಗುಂಪಿಗೂ ಸೇರದವರಿಗೆ, ಪ್ರವೇಶ ತಂತಾನೇ ಇಲ್ಲ.

ಹಳೆಯ ಕಂಪ್ಯೂಟರ್ ಕೆಟ್ಟು, ಅದರ ಹಾರ್ಡ್ ಡಿಸ್ಕನ್ನು ಹೊಸದಕ್ಕೆ ಜೋಡಿಸಿದಾಗಿನ ಕಥೆ ಇನ್ನೂ ರಂಜಕ. ಹಳೆಯದರಲ್ಲಿ ಇದ್ದ ಹೆಸರೇ ಹೊಸದರಲ್ಲೂ ಇದೆ, ಪಾಸ್‌ವರ್ಡೂ ಅದೇ, ಆದರೂ ಮದುವೆ ಫೋಟೋಗಳ ಫೋಲ್ಡರ್ ಬಾಯಿಬಿಡುವುದಿಲ್ಲ. ವಿಂಡೋಸ್ ಗುರುತಿಸುವುದು ಹೆಸರನ್ನಲ್ಲ, ಎಸ್-1-5-21 ಎಂದು ಶುರುವಾಗಿ ಸಾಲಿನುದ್ದಕ್ಕೂ ಹರಿಯುವ ಒಂದು ಸಂಖ್ಯೆಯನ್ನು. ಅದು ಯಂತ್ರದಿಂದ ಯಂತ್ರಕ್ಕೆ ಬೇರೆ. ಹಳೆಯ ಖಾತೆದಾರ ಹೊಸ ಯಂತ್ರದಲ್ಲಿ ಇಲ್ಲವಾದ್ದರಿಂದ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಆ ಬರಿ ಸಂಖ್ಯೆ ಕೂತಿರುತ್ತದೆ, ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಯ ಹಾಗೆ. ಮೊಮ್ಮಗ ಉಳುತ್ತಿದ್ದರೂ ಪೌತಿ ಖಾತೆಯಾಗದೆ ದಾಖಲೆಯಲ್ಲಿ ಜಮೀನು ಅವನದಲ್ಲ. ಇಲ್ಲಿನ ಪೌತಿ ಖಾತೆಗೆ ತಾಲ್ಲೂಕು ಕಚೇರಿಗೆ ಅಲೆಯಬೇಕಿಲ್ಲ: ಸೆಕ್ಯೂರಿಟಿ ಟ್ಯಾಬಿನ ಅಡ್ವಾನ್ಸ್ಡ್ ಗುಂಡಿಯೊಳಗೆ ಓನರ್ ಎದುರಿನ ಚೇಂಜ್ ಒತ್ತಿ, ಹೊಸ ಹೆಸರು ಕೊಟ್ಟು, ಒಳಗಿನ ಫೋಲ್ಡರುಗಳಿಗೂ ಇದು ಅನ್ವಯವಾಗಲಿ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಆಯಿತು. ಆಮೇಲೆ ಓದುವ ಹಕ್ಕನ್ನು ಬೇರೆಯಾಗಿ ಕೊಟ್ಟುಕೊಳ್ಳಬೇಕು. ಮಾಲೀಕತ್ವ ಸಿಕ್ಕ ಮಾತ್ರಕ್ಕೆ ಒಳಗೆ ಬಿಡಬೇಕೆಂದೇನೂ ಇಲ್ಲ.

ವಿಂಡೋಸಿನ ಬದಲು ಲಿನಕ್ಸ್ ಇಟ್ಟುಕೊಂಡ ಮನೆಗಳಲ್ಲೂ ಇಂಥದ್ದೇ ಕಾವಲು. ಅಲ್ಲಿ ಸರ್ವಾಧಿಕಾರಿಯ ಹೆಸರು ರೂಟ್, ಅವನ ಸಂಖ್ಯೆ ಸೊನ್ನೆ. ಅವನ ಅಧಿಕಾರವನ್ನು ಸ್ವಲ್ಪ ಹೊತ್ತು ಕಡ ಪಡೆಯುವ ಸುಡೋ ಎಂಬ ಆಜ್ಞೆ 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅನುಮತಿಯಿಲ್ಲದವರು ಅದನ್ನು ಬಳಸಹೋದರೆ ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಬಹುಕಾಲ ಗದರುತ್ತಿತ್ತು. ಒಬ್ಬನೇ ಇರುವ ಮನೆಯಲ್ಲಿ ಆ ವರದಿ ತಲುಪುತ್ತಿದ್ದುದು ಗದರಿಸಿಕೊಂಡವನಿಗೇ.

ಈ ಕಾವಲೆಲ್ಲ ಕಂಪ್ಯೂಟರಿನ ಸ್ವಂತ ವ್ಯವಸ್ಥೆ ಎಚ್ಚರವಿದ್ದಾಗ ಮಾತ್ರ. ಪೆನ್‌ಡ್ರೈವಿನಿಂದ ಬೇರೊಂದು ವ್ಯವಸ್ಥೆಯನ್ನು ಶುರುಮಾಡಿದವರಿಗೆ ಡಿಸ್ಕಿನ ಪಟ್ಟಿಗಳು ಕಾಣುತ್ತವೆ, ತಡೆಯುವುದಿಲ್ಲ. ಕಳ್ಳನಿಗೆ ಹೆದರುವವರು ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ, ವಿಂಡೋಸಿನ ಬಿಟ್‌ಲಾಕರನ್ನು ನಂಬಬೇಕು. ಅದರ 48 ಅಂಕಿಗಳ ಬಿಡುಗಡೆ ಸಂಖ್ಯೆ ಕಳೆದರೆ ಮಾಲೀಕನೂ ಕಳ್ಳನೂ ಒಂದೇ.

ಕಂಪ್ಯೂಟರನ್ನು ಅದರ ಯಜಮಾನನಿಂದ ಕಾಪಾಡುವುದಕ್ಕೆ ಮಾತ್ರ ಅಡ್ಮಿನ್ ಖಾತೆಯೊಂದನ್ನು ಬೇರೆ ತೆಗೆದಿಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಹೊಸ ಖಾತೆ ತೆರೆದು ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಿ. ಆಮೇಲಷ್ಟೇ ಮನೆಯ ಎಲ್ಲರ ಖಾತೆಗಳನ್ನು, ಯಜಮಾನರದ್ದನ್ನೂ ಸೇರಿಸಿ, ಸ್ಟ್ಯಾಂಡರ್ಡ್‌ಗೆ ಇಳಿಸಿ. ಫೈಲುಗಳು ಇದ್ದಲ್ಲೇ ಇರುತ್ತವೆ. ಮಂಕು ಪರದೆ ಬಂದಾಗ ಬರಿ ಯೆಸ್ ಸಾಲದೆ ಪಾಸ್‌ವರ್ಡ್ ಬರೆಯಬೇಕಾಗುವುದರಿಂದ, ಏನು ಕೇಳುತ್ತಿದೆ ಎಂದು ಒಂದು ಸಲವಾದರೂ ಓದುವಂತಾಗುತ್ತದೆ. ಆ ಪಾಸ್‌ವರ್ಡನ್ನೂ 48 ಅಂಕಿಗಳನ್ನೂ ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ದಯವಿಟ್ಟು ಮಾನಿಟರಿಗೆ ಅಂಟಿಸಬೇಡಿ.