ಒಂದು ಬಕೆಟ್ ನೀರು

ಸರೋಜಮ್ಮ, ನಿಮ್ಮ ಬಚ್ಚಲುಮನೆ ಗೋಡೆ ಈಚೆಕಡೆ ಬಣ್ಣ ಹಪ್ಪಳದ ಹಾಗೆ ಎದ್ದಿದೆ, ನೋಡಿದ್ರಾ? ಒಳಗೆ ನೀರು ಇಳೀತಿದೆ ಕಣ್ರೀ. ದಸರಾಕ್ಕೆ ನೆಂಟರು ಬರ್ತಾರೆ ಅಂತ ಮೊದಲು ಸಿಕ್ಕಿದವರ ಕೈಗೆ ಮುಂಗಡ ಕೊಟ್ಟುಬಿಡಬೇಡಿ. ನಾನು ಕೊಟ್ಟು ಅನುಭವಿಸಿದೀನಿ.

ನಮ್ಮ ತಾರಸಿ ಸೋರ್ತಿತ್ತಲ್ಲ, ಆಗ ಮೊದಲು ಬಂದ ಕಂಟ್ರಾಕ್ಟರು ಗೇಟಿನ ಹತ್ರ ನಿಂತೇ ಚದರಕ್ಕೆ ಇಷ್ಟು ಅಂತ ರೇಟು ಹೇಳಿಬಿಟ್ಟ. ಮೇಲೆ ಹತ್ತಲೇ ಇಲ್ಲ. ಕಡಿಮೆಗೆ ಆಗುತ್ತಲ್ಲ ಅಂತ ನಾವೂ ಒಪ್ಕೊಂಡ್ವಿ, ಅರ್ಧಕ್ಕಿಂತ ಹೆಚ್ಚು ದುಡ್ಡು ಮೊದಲೇ ಕೊಟ್ವಿ. ನಮ್ಮದು ಹಳೇ ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ಅವನು ಅದರ ಮೇಲೆ ದಪ್ಪಗೆ ಸಿಮೆಂಟ್ ಬಳಿದು ಹೋದ. ಸುಣ್ಣದ ಗಾರೆ ಬಿಸಿಲಿಗೆ ಮಳೆಗೆ ಒಂಚೂರು ಬಾಗುತ್ತೆ, ಒಳಗಿನ ತೇವ ಆರೋಕೆ ಬಿಡುತ್ತೆ. ಸಿಮೆಂಟಿಗೆ ಆ ಗುಣ ಇಲ್ಲ. ಬೇಸಿಗೆ ಕಳೆಯೋಷ್ಟರಲ್ಲಿ ಕೂದಲೆಳೆಯಂಥ ಬಿರುಕು. ಅದರಲ್ಲಿ ಇಳಿದ ಮಳೆನೀರು ಆರೋಕೆ ದಾರಿಯಿಲ್ಲದೆ ತೊಲೆಗೆ ಹೋಯ್ತು. ಬೆರಳಲ್ಲಿ ಒತ್ತಿದರೆ ತೊಲೆಯ ತುದಿ ಪುಡಿಯಾಗ್ತಿತ್ತು. ನಮ್ಮ ಮಾವನವರು ಹಾಕಿಸಿದ ತೇಗದ ತೊಲೆ, ಸರೋಜಮ್ಮ. ಅವನಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ.

ಆಮೇಲೆ ಬಂದ ಮೇಸ್ತ್ರಿ ರೇಟಿನ ಮಾತೇ ಆಡಲಿಲ್ಲ. ‘ಒಂದು ಬಕೆಟ್ ನೀರು ಕೊಡಿ’ ಅಂದ್ರು. ತಾರಸಿ ಮಧ್ಯೆ ಸುರಿದು, ಕುಕ್ಕರುಗಾಲಲ್ಲಿ ಕೂತು ನೋಡ್ತಾ ಇದ್ರು. ನೀರು ಕೊಳವೆ ಕಡೆ ಹೋಗದೆ ಮೂಲೆಗೆ ಹೋಗಿ ನಿಂತುಕೊಳ್ತು. ಕರಣೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ರು, ಟೊಳ್ಳು ಸದ್ದು ಬಂದ ಕಡೆಯೆಲ್ಲ ಇಟ್ಟಿಗೆ ಚೂರಲ್ಲಿ ಗೀಟು ಎಳೆದ್ರು. ಮಾರನೇ ದಿನ ಎಲ್ಲಿ ಕೀಳಬೇಕು, ಸುಣ್ಣ ಎಷ್ಟು, ವಾಟ ಯಾವ ಕಡೆ, ಎಲ್ಲ ಒಂದು ಹಾಳೇಲಿ ಬರೆದು ತಂದ್ರು. ರೇಟು ಆ ಹಾಳೆಯ ಕೊನೇಲಿತ್ತು.

ಅವರು ನಾಲ್ಕು ಮಳೆಗಾಲದ ಹಿಂದೆ ಮಾಡಿದ್ದ ಮನೆಗೂ ಹೋಗಿ ಬಂದ್ವಿ. ಹೊಸದಾಗಿ ಮುಗಿಸಿದ ಕೆಲಸ ಯಾರದ್ದಾದರೂ ಚೆನ್ನಾಗೇ ಕಾಣುತ್ತೆ ಕಣ್ರೀ, ಮಳೆ ತಿಂದ ಕೆಲಸ ನೋಡಬೇಕು. ಆ ಮನೆಯವರು ಮಂಚ ಸರಿಸಿ ಮೂಲೆ ಚಾವಣಿ ತೋರಿಸಿದ್ರು. ಒಂದು ಕಲೆ ಇರಲಿಲ್ಲ.

ನಿಮ್ಮ ಬಚ್ಚಲಿಗೆ ಬಂದವರನ್ನ ಇದೊಂದು ಕೇಳಿ: ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕೋ ಮುಂಚೆ, ತೂಬು ಮುಚ್ಚಿ 48 ಗಂಟೆ ನೀರು ನಿಲ್ಲಿಸ್ತೀರಾ? ‘ಅದೆಲ್ಲ ಬೇಡಮ್ಮ, ನಾನಿದೀನಲ್ಲ’ ಅಂದವರನ್ನ ಕಾಫಿ ಕೊಟ್ಟು ಕಳಿಸಿಬಿಡಿ. ಸಾಮಾನು ನೀವೇ ತಂದುಕೊಟ್ಟು ಕೂಲಿ ಮಾತ್ರ ಮಾತಾಡಿದರೆ, ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಹಾಕಿರುತ್ತೆ, ಮೂರು ತಿಂಗಳು ದಾಟಿದ್ದು ತಗೋಬೇಡಿ. ಗಾರೆಗೆ ಕಡೇಪಕ್ಷ 7 ದಿನ ನೀರು ಉಣಿಸಬೇಕು. ಅದನ್ನ ನಾವೇ ನಿಂತು ಮಾಡಿಸಬೇಕು, ಭಾನುವಾರವೂ.

ದುಡ್ಡು ಕಂತಲ್ಲಿ ಕೊಡಿ, ಒಂದಿಷ್ಟು ಮಳೆ ಬಂದು ಹೋಗೋವರೆಗೂ ಇಟ್ಕೊಳ್ಳಿ. ನಮ್ಮ ಮೇಸ್ತ್ರಿ ಅದಕ್ಕೆ ಬೇಜಾರೂ ಮಾಡ್ಕೊಳ್ಳಲಿಲ್ಲ. ಚೀಟಿ, ರಸೀತಿ ಎಲ್ಲ ಎತ್ತಿಡಿ. ಕೆಟ್ಟರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗಿನ ಕೆಲಸಕ್ಕೆ ಶುಲ್ಕವೂ ಇಲ್ಲ. ನನ್ನ ಹತ್ರ ಮೊದಲನೆಯವನದು ಒಂದು ಚೂರು ಕಾಗದವೂ ಇರಲಿಲ್ಲ, ಸುಮ್ಮನಾಗಬೇಕಾಯ್ತು.

ಆ ಮೇಸ್ತ್ರಿಗೆ ಕಾರ್ತಿಕದವರೆಗೂ ಕೈತುಂಬ ಕೆಲಸ ಇದೆಯಂತೆ. ಕಾಯಿರಿ, ದಸರಾ ನೆಂಟರಿಗೆ ನಮ್ಮ ಬಚ್ಚಲುಮನೆ ಇದೆ. ಆದರೆ ನಾನು ಹೇಳಿದೆ ಅಂತ ಒಪ್ಕೋಬೇಡಿ. ನಾಳೆ ಬಟ್ಟೆ ಒಣಗಿಸಿದ ಮೇಲೆ ಬನ್ನಿ, ತಾರಸಿ ಮೇಲೆ ನೀವೇ ಒಂದು ಬಕೆಟ್ ನೀರು ಸುರಿದು ನೋಡಿ.